ನಲವತ್ತೊಂದನೇ ನಂಬರಿನ ಹಾಲು

1996ರ ಜೂನ್ ತಿಂಗಳ ಮೊದಲ ಮಂಗಳವಾರ ಸಂಜೆ, ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರಿನ ಚಾವಡಿಯಲ್ಲಿ ಸೇರಿದ ಐವರು ಯಜಮಾನರು ಅದೇ ಬೀದಿಯ ಮಹದೇವಮ್ಮ ಎಂಬ ವಿಧವೆಯ ಮನೆಯನ್ನು ಕುಲದಿಂದ ಹೊರಗಿಡಲು ತೀರ್ಮಾನಿಸಿದರು. ಆ ಮನೆಗೆ ಬೆಂಕಿ ಕೊಡುವಂತಿಲ್ಲ, ನೀರು ಕೊಡುವಂತಿಲ್ಲ, ಆ ಮನೆಯವರ ಜೊತೆ ಮಾತಾಡುವಂತಿಲ್ಲ. ಮಾತಾಡಿದವರ ಮನೆಯನ್ನೂ ಹೊರಗಿಡಲಾಗುವುದು. ಇದನ್ನು ಯಾರೂ ಬರೆದಿಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಮನೆಮನೆಗೂ ಗೊತ್ತಾಗಿತ್ತು.

ಆ ಊರಿನ ಹೆಸರನ್ನು ನಾನು ಆಗ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಮಳೆಗಾಲದಲ್ಲಿ ಅಲ್ಲಿಂದ ಗೋಪಾಲಸ್ವಾಮಿ ಬೆಟ್ಟ ಕಾಣಿಸುವುದಿಲ್ಲ, ಅದರ ಮೇಲಿನ ಮೋಡ ಮಾತ್ರ ಕಾಣಿಸುತ್ತದೆ. ಆಗಿನ್ನೂ ಅದು ಮೈಸೂರು ಜಿಲ್ಲೆ. ಚಾಮರಾಜನಗರ ಜಿಲ್ಲೆಯಾದದ್ದು ಮರುವರ್ಷ. ನಾನು ಮೈಸೂರಿನ ಒಂದು ದಿನಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿದ್ದೆ. ನನ್ನ ಹೆಂಡತಿ ಆ ಊರಿನ ಶಾಲೆಯಲ್ಲಿ ಟೀಚರ್. ಹಾಲಿನ ಡೈರಿಯ ಎದುರಿಗೆ ಎರಡು ಕೋಣೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಕಳೆದ ತಿಂಗಳು ಮದುವೆಯೊಂದಕ್ಕೆಂದು ಆ ಊರಿಗೆ ಹೋದಾಗ ಡೈರಿಯ ಮುಂದೆ ಬಸ್ ಇಳಿದೆ. ಒದ್ದೆ ಸಿಮೆಂಟು, ತೊಳೆಯುವ ಸೋಡಾ, ಮೂಲೆಯಲ್ಲಿ ಹುಳಿ ಬಂದ ಹಾಲು. ಆ ವಾಸನೆ ಹಾಗೇ ಇತ್ತು. ಆ ಮಳೆಗಾಲದ ಬಗ್ಗೆ ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಇರುವುದನ್ನೂ ಇಲ್ಲದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಹದೇವಮ್ಮನವರ ತಪ್ಪು ಇಷ್ಟು. ಅವರ ಹೊಲಕ್ಕೆ ಹೋಗುವ ಗಾಡಿದಾರಿ ಮೈದುನ ರಾಚಪ್ಪನ ಹೊಲದ ಅಂಚಿನಲ್ಲಿತ್ತು. ಅಣ್ಣ ತೀರಿಕೊಂಡ ಮೂರನೇ ವರ್ಷ ರಾಚಪ್ಪ ಆ ದಾರಿಯನ್ನೂ ಸೇರಿಸಿ ಉತ್ತು ಸೂರ್ಯಕಾಂತಿ ಬಿತ್ತಿದ. ರೂಢಿಯಂತೆ ಮಹದೇವಮ್ಮ ಕುಲದ ಗಂಡಸರೊಬ್ಬರನ್ನು ಚಾವಡಿಗೆ ಕಳಿಸಿ ನ್ಯಾಯ ಕೇಳಿಸಬೇಕಿತ್ತು. ಅವರು ಬೆಳಗಿನ ಬಸ್ ಹತ್ತಿ ಗುಂಡ್ಲುಪೇಟೆಯ ಪೊಲೀಸ್ ಠಾಣೆಗೆ ಹೋಗಿ ಅರ್ಜಿ ಕೊಟ್ಟರು. ಪೊಲೀಸರು ರಾಚಪ್ಪನನ್ನು ಕರೆಸಿ ಅರ್ಧ ದಿನ ಜಗಲಿಯಲ್ಲಿ ಕೂರಿಸಿದರು. ದಾರಿಯ ವಿಷಯ ಅಲ್ಲಿಗೇ ನಿಂತಿತು. ಊರಿಗೆ ನೋವಾದದ್ದು ಆ ಅರ್ಧ ದಿನ.

ದೊಡ್ಡ ಯಜಮಾನ ಪುಟ್ಟಮಾದಪ್ಪ ಅರವತ್ತು ದಾಟಿದ, ತೂಕವಾಗಿ ಮಾತಾಡುವ ಮನುಷ್ಯ. ಕೆಟ್ಟವರೆಂದು ಅವರನ್ನು ಯಾರೂ ಹೇಳುತ್ತಿರಲಿಲ್ಲ. ಮಹದೇವಮ್ಮ ಅರ್ಜಿ ವಾಪಸ್ ತೆಗೆದುಕೊಂಡು, ಚಾವಡಿಯ ಮುಂದೆ ಅಡ್ಡಬಿದ್ದು, ತಪ್ಪಾಯ್ತು ಅಂದರೆ ಅಲ್ಲಿಗೆ ಮುಗಿಯಿತು ಎಂದು ಅವರು ಹೇಳಿ ಕಳಿಸಿದ್ದರು. ಮಹದೇವಮ್ಮ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಆ ಮನೆಯಲ್ಲಿ ಇದ್ದದ್ದು ಅವರು ಮತ್ತು ಕಣ್ಣು ಮಂಜಾದ ಅತ್ತೆ ನಂಜವ್ವ, ಇಬ್ಬರೇ. ಕೊಟ್ಟಿಗೆಯಲ್ಲಿ ಒಂದು ಹಸು.

ಮರುದಿನದಿಂದ ಅಂಗಡಿಯವನು ಮಹದೇವಮ್ಮನವರಿಗೆ ಸಾಮಾನು ಕೊಡಲಿಲ್ಲ. ಹಿಟ್ಟಿನ ಗಿರಣಿಯವನು ರಾಗಿ ಬೀಸಲಿಲ್ಲ. ಅವರು ಚೀಲ ಹೊತ್ತು ಬಸ್ಸಿನಲ್ಲಿ ಪೇಟೆಗೆ ಹೋಗಿ ಬೀಸಿಸಿಕೊಂಡು ಬಂದರು. ನಲ್ಲಿಯಲ್ಲಿ ಎಲ್ಲರೂ ಹಿಡಿದು ಹೋದ ಮೇಲೆ ಕೊಡ ಇಟ್ಟರು. ಬೇರೆ ಬೀದಿಯ ಬೇರೆ ಕುಲದವರಿಗೆ ಈ ತೀರ್ಮಾನ ಅನ್ವಯಿಸುವುದಿಲ್ಲ. ಆದರೆ ಒಂದು ಕುಲದ ನ್ಯಾಯಕ್ಕೆ ಇನ್ನೊಂದು ಕುಲ ಕೈಹಾಕುವುದಿಲ್ಲ ಎನ್ನುವುದು ಅಲ್ಲಿಯ ರೂಢಿ. ನಮ್ಮ ಮನೆಯ ಮಾಲೀಕರು ಅದೇ ಕುಲದವರು. ನೀವು ಮಾತಾಡಿದರೆ ನಮ್ಮನ್ನು ಕೇಳುತ್ತಾರೆ ಎಂದು ಅವರು ಮೆಲ್ಲಗೆ ಹೇಳಿ ಹೋದರು. ನಾವೂ ಮಾತಾಡಲಿಲ್ಲ. ಇದನ್ನೂ ದಾಖಲಿಸಬೇಕು.

ಯಜಮಾನರು ಬೆಂಕಿ, ನೀರು, ಮಾತು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದರು. ಡೈರಿಯನ್ನು ಮರೆತಿದ್ದರು.

ಡೈರಿ ಎಂದರೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘ; ಶೀಟು ಹೊದಿಸಿದ ಒಂದು ಕೋಣೆ, ಮುಂದೆ ಉದ್ದದ ಜಗಲಿ. ಊರಿಗೆ ಬರುವ ಅಂಚೆ, ದನದ ಡಾಕ್ಟರು, ಕಣ್ಣಿನ ಶಿಬಿರದ ಚೀಟಿ, ಶಾಲೆಯ ಸೂಚನೆ ಎಲ್ಲವೂ ಮೊದಲು ಆ ಜಗಲಿಗೆ ಬಂದು ಅಲ್ಲಿಂದ ಮನೆಗಳಿಗೆ ಹೋಗುತ್ತಿದ್ದವು. ಚಾವಡಿಗೆ ಹೆಂಗಸರು ಹೋಗುತ್ತಿರಲಿಲ್ಲ. ಗುಡಿಗೆ ಎಲ್ಲ ಬೀದಿಯವರೂ ಹೋಗುತ್ತಿರಲಿಲ್ಲ. ಡೈರಿಗೆ ಮಾತ್ರ ಹಸುವಿದ್ದ ಎಲ್ಲರೂ ದಿನಕ್ಕೆ ಎರಡು ಸಲ ಬಂದು, ಬಂದ ಸರದಿಯಲ್ಲೇ ನಿಲ್ಲುತ್ತಿದ್ದರು. ಎಲ್ಲರ ಹಾಲೂ ಒಟ್ಟಿಗೇ ದೊಡ್ಡ ಕ್ಯಾನುಗಳಿಗೆ ಬೀಳುತ್ತಿತ್ತು.

ಸೆಕ್ರೆಟರಿ ಗುರುಸ್ವಾಮಿಗೆ ಆಗ ಮೂವತ್ತೆರಡೋ ಮೂವತ್ಮೂರೋ. ಅವನೂ ಅದೇ ಕುಲದವನು. ಪ್ರತಿಯೊಬ್ಬರ ಹಾಲಿನಲ್ಲೂ, ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರ್ ಬಿಟ್ಟು ಹೆಸರು, ಸದಸ್ಯ ನಂಬರು, ಡಿಗ್ರಿ ಕೂಗುತ್ತಿದ್ದ. ಪಕ್ಕದಲ್ಲಿ ಕೂತ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಡಿಗ್ರಿ ಕಡಿಮೆಯಿದ್ದರೆ ನಿನ್ನ ಹಸು ನಲ್ಲಿಯ ಹತ್ತಿರ ಕಟ್ಟಿದ್ದೀಯಾ ಎನ್ನುತ್ತಿದ್ದ. ಜನ ನಗುತ್ತಿದ್ದರು. ಎಲ್ಲ ಮುಗಿದು ಕೊನೆಯ ದೊಡ್ಡ ಕ್ಯಾನಿಗೆ ಮುಚ್ಚಳ ಹಾಕುವ ಮೊದಲು ಇನ್ನೊಂದು ಕೆಲಸ ಇತ್ತು. ಬಾರದೆ ಉಳಿದ ನಂಬರುಗಳನ್ನು ಅವನು ಮೂರು ಸಲ ಕೂಗುತ್ತಿದ್ದ. ತಡವಾದವರು ಓಡಿ ಬರಲಿ ಎಂದು ಮಾಡಿಕೊಂಡ ರೂಢಿ ಅದು. ಬಾರದವರ ಪರವಾಗಿ ಜಗಲಿಯಿಂದ ಯಾರಾದರೂ ಉತ್ತರ ಕೊಡುತ್ತಿದ್ದರು. ಎಮ್ಮೆ ಬತ್ತಿತು, ಮಗಳ ಮನೆಗೆ ಹೋದರು, ರಾತ್ರಿಯಿಂದ ಜ್ವರ. ಯಾರ ಮನೆಯಲ್ಲಿ ಏನಾಗಿದೆ ಎಂಬುದು ಊರಿಗೆ ಗೊತ್ತಾಗುತ್ತಿದ್ದದ್ದು ಆ ಮೂರು ಕೂಗಿನಲ್ಲಿ. ಜ್ವರ ಎಂದು ಗೊತ್ತಾದ ಮನೆಗೆ ಮಧ್ಯಾಹ್ನದ ಹೊತ್ತಿಗೆ ಯಾರೋ ಒಬ್ಬರು ಗಂಜಿಯನ್ನೋ ಮಾತ್ರೆಯನ್ನೋ ತಲುಪಿಸುತ್ತಿದ್ದರು. ಇದನ್ನು ಯಾರೂ ಸಹಾಯ ಎಂದು ಕರೆದದ್ದು ನನಗೆ ನೆನಪಿಲ್ಲ.

ಬುಧವಾರ ಬೆಳಿಗ್ಗೆ ಮಹದೇವಮ್ಮ ಎಂದಿನಂತೆ ಕ್ಯಾನು ಹಿಡಿದು ಬಂದರು. ನಾನು ಮನೆಗೆ ಹಾಲು ಕೊಳ್ಳಲು ಚೊಂಬು ಹಿಡಿದು ನಿಂತಿದ್ದೆ. ಸಾಲಿನಲ್ಲಿ ಅವರ ಮುಂದಿನವರು ಎರಡು ಹೆಜ್ಜೆ ಮುಂದೆ ಸರಿದರು, ಹಿಂದಿನವರು ಎರಡು ಹೆಜ್ಜೆ ಹಿಂದೆ. ಮಾತು ನಿಂತುಹೋಯಿತು. ಅವರ ಸರದಿ ಬಂದಾಗ ಗುರುಸ್ವಾಮಿ ತಲೆ ಎತ್ತಲಿಲ್ಲ. ಲ್ಯಾಕ್ಟೋಮೀಟರ್ ಬಿಟ್ಟ. ಅದು ತೇಲಿ ನಿಲ್ಲುವವರೆಗೆ ಎಲ್ಲರೂ ಅದನ್ನೇ ನೋಡಿದರು.

“ನಲವತ್ತೊಂದು. ಇಪ್ಪತ್ತೆಂಟು” ಎಂದ. ಹೆಸರು ಹೇಳಲಿಲ್ಲ.

ಅವರು ಹಾಲು ಸುರಿದು, ಕ್ಯಾನು ತೊಳೆದು, ಹೋದರು.

ಅಂದೇ ಸಂಜೆ ಪುಟ್ಟಮಾದಪ್ಪ ಡೈರಿಗೆ ಬಂದರು. ರಾಚಪ್ಪನೂ ಹಿಂದೆ ಇದ್ದ. ಪುಟ್ಟಮಾದಪ್ಪ ಬೆಂಚಿನ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಕೇಳಿದರು:

“ಏನ್ಲಾ ಗುರುಸ್ವಾಮಿ, ಬೆಳಿಗ್ಗೆ ಅವ್ಳ ಜೊತೆ ಮಾತಾಡ್ದಂತೆ?”

“ಮಾತಾಡ್ಲಿಲ್ಲ ಯಜಮಾನ್ರೆ. ನಂಬರ್ ಕೂಗ್ದೆ.”

“ಕೂಗದು ಮಾತಲ್ವಾ?”

“ಗುಮಾಸ್ತನಿಗೆ ಕೂಗ್ದೆ, ಬರ್ಕೊಳ್ಳಿ ಅಂತ. ಅವ್ರಿಗಲ್ಲ.”

ರಾಚಪ್ಪ ಬಾಯಿ ಹಾಕಲು ಹೋದ. ಯಜಮಾನರು ಕೈ ಎತ್ತಿ ತಡೆದರು. ಅವಳ ಹಾಲು ತೆಗೆದುಕೊಳ್ಳಬೇಡ ಎಂದು ನೇರವಾಗಿ ಹೇಳಿದರು. ಗುರುಸ್ವಾಮಿ ಎದುರು ಮಾತಾಡುವ ಪೈಕಿಯವನಲ್ಲ. ಚಾಮರಾಜನಗರದಿಂದ ಹಾಲು ಒಕ್ಕೂಟದ ಸೂಪರ್‌ವೈಸರ್ ಬರುತ್ತಾರೆ, ಅವರನ್ನು ಕೇಳಿ ಹೇಳುತ್ತೇನೆ ಎಂದಷ್ಟೇ ಅಂದ.

ಸೂಪರ್‌ವೈಸರ್ ಮುಂದಿನ ವಾರ ಬಂದರು. ಬೈಲಾ ಪುಸ್ತಕ ತೆಗೆದು, ಹಾಲು ನೋಡಿ ಬೇಡ ಅನ್ನಬಹುದು, ಮುಖ ನೋಡಿ ಬೇಡ ಅನ್ನಲು ಬರುವುದಿಲ್ಲ ಎಂದು ಓದಿ ಹೇಳಿದರು. ಹೊರಡುವಾಗ ಇನ್ನೊಂದು ಮಾತನ್ನೂ ಹೇಳಿದರು. ಸದಸ್ಯರನ್ನು ತೆಗೆದುಹಾಕಲೇಬೇಕೆಂದಿದ್ದರೆ ಸರ್ವಸದಸ್ಯರ ಸಭೆಯಲ್ಲಿ ಬಹುಮತದಿಂದ ತೆಗೆಯಬಹುದು. ಸಭೆ ಇದ್ದದ್ದು ಸೆಪ್ಟೆಂಬರಿನಲ್ಲಿ. ಪುಟ್ಟಮಾದಪ್ಪ ಕಾಯುತ್ತೇವೆ ಎಂದರು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವರ ಕುಲದವರೇ. ಸೆಪ್ಟೆಂಬರ್‌ವರೆಗೆ ಮಹದೇವಮ್ಮನವರಿಗೆ ಊರಿನಲ್ಲಿ ಉಳಿದದ್ದು ಒಂದು ನಂಬರು. ಸಭೆಯಲ್ಲಿ ಕೈಗಳು ಮೇಲೆದ್ದರೆ ಅದೂ ಹೋಗುತ್ತಿತ್ತು.

ಆ ದಿನದಿಂದ ಗುರುಸ್ವಾಮಿ ಯಾರ ಹೆಸರನ್ನೂ ಕೂಗಲಿಲ್ಲ. ಎಲ್ಲರಿಗೂ ನಂಬರು, ಡಿಗ್ರಿ, ಅಷ್ಟೇ. ಒಬ್ಬರ ಹೆಸರು ಬಿಟ್ಟು ಉಳಿದವರದನ್ನು ಕೂಗಲು ಬಾಯಿ ಬರಲಿಲ್ಲ ಎಂದು ತುಂಬ ದಿನಗಳ ನಂತರ ನನಗೆ ಹೇಳಿದ. ತಮಾಷೆಯೂ ನಿಂತಿತು. ಹಾಲು ಹಾಕಿದವರು ಜಗಲಿಯಲ್ಲಿ ಕೂರದೆ ಹೊರಟುಬಿಡುತ್ತಿದ್ದರು. ಹನ್ನೆರಡನೇ ನಂಬರಿನ ಚಿಕ್ಕತಾಯವ್ವ ಎಂಬ ಎಪ್ಪತ್ತರ ಮುದುಕಿ ಒಂದು ದಿನ ರೇಗಿದಳು.

“ಜೈಲಲ್ಲಿ ಕೂಗ್ದಂಗೆ ಕೂಗ್ತಿಯಲ್ಲೋ. ನಂಗೊಂದು ಎಸ್ರಿಲ್ವಾ? ನಿಮ್ಮಪ್ಪನ ತೊಟ್ಲಿಗಾಕಿ ಎಸ್ರು ಕೂಗ್ದೋಳು ನಾನು.”

ಗುರುಸ್ವಾಮಿ “ಹನ್ನೆರಡು. ಇಪ್ಪತ್ತೊಂಬತ್ತು” ಎಂದ.

ಜುಲೈನಲ್ಲಿ ಗಾಳಿ ಹೆಚ್ಚಾಯಿತು. ವೈನಾಡಿನ ಕಡೆಯಿಂದ ಬರುವ ಸೋನೆ ಮಳೆ ದಿನವಿಡೀ ಹಿಡಿಯುತ್ತಿತ್ತು, ನೆಲ ನೆನೆಯುವಷ್ಟೂ ಬೀಳುತ್ತಿರಲಿಲ್ಲ. ಸೂರ್ಯಕಾಂತಿ ಮೊಣಕಾಲೆತ್ತರ ಬಂದಿತ್ತು. ಮಹದೇವಮ್ಮ ತಮ್ಮ ಹೊಲಕ್ಕೆ ಊರು ಸುತ್ತಿ, ಹಳ್ಳ ದಾಟಿ ಹೋಗುತ್ತಿದ್ದರು. ಗೊಬ್ಬರವನ್ನು ಗಾಡಿಯಲ್ಲಿ ಒಯ್ಯಲಾಗದೆ ಮಂಕರಿಯಲ್ಲಿ ತಲೆಯ ಮೇಲೆ ಹೊತ್ತರು. ನಾನು ನಾಲ್ಕು ಸಾಲಿನ ಸುದ್ದಿ ಬರೆದು ಕಳಿಸಿದೆ. ದೂರು ಕೊಟ್ಟವರ ಹೇಳಿಕೆ ಇಲ್ಲ ಎಂದು ಡೆಸ್ಕಿನವರು ಹಿಂದಕ್ಕೆ ಕಳಿಸಿದರು; ಅವರು ಕೇಳಿದ್ದು ಸರಿಯಾಗಿತ್ತು. ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ, ಊರಿನವರ ಕಣ್ಣಿಲ್ಲದ ಕಡೆ, ಮಹದೇವಮ್ಮನವರನ್ನು ಕೇಳಿದೆ. ಅವರು ರಾಗಿ ಹಿಟ್ಟಿನ ಚೀಲದ ಮೇಲೆ ಕೂತಿದ್ದರು.

“ಪೇಪರ್‌ಗೆ ಹಾಕ್ಬೇಡಿ ಸಾ” ಎಂದರು. “ಪೊಲೀಸ್‌ನೋರ್ತಾವ ಹೋಗಿದ್ಕೆ ಇಷ್ಟಾಯ್ತು. ಪೇಪರ್‌ಗೆ ಹೋದ್ರೆ ಡೈರಿನೂ ಹೋಯ್ತದೆ.”

ಡೈರಿಯಲ್ಲಿ ಯಾರೂ ಮಾತಾಡುವುದಿಲ್ಲವಲ್ಲ, ಅಲ್ಲಿಗೆ ಹೋಗುವುದು ಕಷ್ಟವಲ್ಲವೇ ಎಂದು ಕೇಳಿದೆ.

“ಮಾತಾಡ್ದಿದ್ರೆ ಬುಡ್ಲಿ ಸಾ. ದಿನಕ್ಕೆರಡು ಸಲ ನನ್ ನಂಬರ್ ಕೂಗ್ತರಲ್ಲ. ಇವ್ಳಿನ್ನೂ ಅವ್ಳೆ ಅಂತ ಗೊತ್ತಾಯ್ತದಲ್ಲ ಜನಕ್ಕೆ.”

ಜುಲೈ ಕೊನೆಯ ವಾರ ತಾಲ್ಲೂಕಿನಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಕಾಣಿಸಿಕೊಂಡಿತು. ಶುಕ್ರವಾರ ಡಾಕ್ಟರು ಬಂದು ಸೂಜಿ ಹಾಕುತ್ತಾರೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಮಹದೇವಮ್ಮನವರಿಗೆ ಹೇಳುವವರಿರಲಿಲ್ಲ. ಬುಧವಾರ ಸಂಜೆ ಸಾಲಿನಲ್ಲಿ ಅವರ ಮುಂದೆ ಚಿಕ್ಕತಾಯವ್ವ ನಿಂತಿದ್ದಳು. ತನ್ನ ಕ್ಯಾನನ್ನು ಮುಖದ ಹತ್ತಿರ ಎತ್ತಿ ಹಿಡಿದು, ಅದರ ಜೊತೆ ಮಾತಾಡತೊಡಗಿದಳು.

“ಕೇಳ್ಸ್ಕೊ ಕಣಪ್ಪ. ಸುಕ್ರವಾರ ಒತ್ತಾರೆ ಡಾಕ್ಟ್ರು ಬತ್ತರಂತೆ. ಸ್ಕೂಲ್ ಮುಂದ್ಗಡೆ. ಒಂಬತ್ತು ಗಂಟ್ಗೆಲ್ಲ ಹಸ ಇಡ್ಕೊಂಡು ಬರ್ಬೇಕಂತೆ. ಆಮೇಲೆ ಗೊತ್ತಾಗ್ಲಿಲ್ಲ ಅನ್ಬೇಡ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಹಿಡಿದರು. ಗುರುಸ್ವಾಮಿ ತಲೆ ಬಗ್ಗಿಸಿದ. ಶುಕ್ರವಾರ ಒಂಬತ್ತಕ್ಕೆ ಮೊದಲೇ ಮಹದೇವಮ್ಮನವರ ಹಸು ಶಾಲೆಯ ಮುಂದಿತ್ತು.

ಆಮೇಲೆ ಇದು ಹರಡಿತು. ಪಡಿತರಕ್ಕೆ ಅಕ್ಕಿ ಬಂದದ್ದು, ಸಂಜೆಯ ಬಸ್ ಕೆಟ್ಟು ನಿಂತದ್ದು, ಕಾಡಂಚಿನ ಹೊಲಗಳಿಗೆ ಆನೆ ಇಳಿದದ್ದು, ಎಲ್ಲವನ್ನೂ ಹೆಂಗಸರು ತಮ್ಮ ತಮ್ಮ ಕ್ಯಾನಿಗೆ ಹೇಳಿಕೊಳ್ಳುತ್ತಿದ್ದರು. ಮಹದೇವಮ್ಮ ಕಲ್ಲಿನಂತೆ ಎತ್ತಲೋ ನೋಡುತ್ತಾ ನಿಂತಿರುತ್ತಿದ್ದರು. ಒಂದು ದಿನ ನನ್ನ ಹೆಂಡತಿಯೂ ನಮ್ಮ ಚೊಂಬಿಗೆ, ಕಣ್ಣಿನ ಶಿಬಿರದ ದಿನ ಯಾವುದು ಎಂದು ಹೇಳಿ ಬಂದಳು. ರಾಚಪ್ಪ ಚಾವಡಿಯಲ್ಲಿ ದೂರು ಕೊಟ್ಟ. ಪುಟ್ಟಮಾದಪ್ಪ, ಕ್ಯಾನಿನ ಜೊತೆ ಮಾತಾಡಬಾರದು ಅಂತ ತೀರ್ಮಾನ ಕೊಟ್ಟರೆ ಪೇಟೆಯಲ್ಲಿ ನಮ್ಮನ್ನು ನೋಡಿ ನಗುತ್ತಾರೆ, ಸೆಪ್ಟೆಂಬರ್ ಬರಲಿ ಬುಡು ಎಂದರಂತೆ. ರಾಚಪ್ಪ ಅಂದಿನಿಂದ ಪ್ರತಿ ದಿನ ಡೈರಿಯ ಜಗಲಿಯ ತುದಿಯಲ್ಲಿ ಬಂದು ನಿಲ್ಲತೊಡಗಿದ. ಯಾರ ತುಟಿ ಯಾವ ಕಡೆ ತಿರುಗಿ ಅಲ್ಲಾಡುತ್ತದೆ ಎಂದು ನೋಡುವುದು ಅವನ ಕೆಲಸ. ಅವನ ಹೆಂಡತಿ ಜಯಮ್ಮ ಹಾಲು ಹಾಕಿ, ಯಾರನ್ನೂ ನೋಡದೆ, ಬೇಗ ಬೇಗ ಹೋಗುತ್ತಿದ್ದಳು. ನಗು ಮತ್ತೆ ನಿಂತಿತು. ಸಭೆಯ ನೋಟೀಸು ಗೋಡೆಗೆ ಬಂತು. ಅದರಲ್ಲಿ ನಾಲ್ಕನೇ ವಿಷಯ, ನಂಬರ್ 41ರ ಸದಸ್ಯತ್ವ.

ಸಭೆಗೆ ಎಂಟು ದಿನ ಉಳಿದಿತ್ತು. ಬೆಳಗಿನ ಜಾವ ಐದೂವರೆಗೆ ನನಗೆ ಎಚ್ಚರವಾಯಿತು. ಜಿನುಗು ಮಳೆ. ಹಿಂದಿನ ಸಾಲಿನ ಮನೆಗಳ ಕಡೆಯಿಂದ ಯಾರೋ ಕೂಗುತ್ತಿದ್ದರು. ಮೊದಲು ಒಂದು ದನಿ, ಆಮೇಲೆ ಇನ್ನೊಂದು, ಮುದಿ ದನಿ. ಯಾರಾದರೂ ಬನ್ನಿ ಎನ್ನುತ್ತಿತ್ತು. ಯಾರ ಮನೆಯೆಂದು ನನಗೆ ಗೊತ್ತಾಯಿತು. ಅಕ್ಕಪಕ್ಕದವರು ಹೋಗಿರುತ್ತಾರೆ ಎಂದುಕೊಂಡೆ. ಹೆಂಡತಿ ಎದ್ದು ಕೂತಿದ್ದಳು. ಅವಳೂ ಅದನ್ನೇ ಅಂದಳು. ಸ್ವಲ್ಪ ಹೊತ್ತಿಗೆ ಕೂಗು ಕಡಿಮೆಯಾಯಿತು. ಹೋಗಿದ್ದಾರೆ ಅಂತ ಕಾಣುತ್ತದೆ ಎಂದುಕೊಂಡು ನಾವು ಸುಮ್ಮನಾದೆವು. ಆ ಬೀದಿಯ ಹದಿನಾಲ್ಕು ಮನೆಗಳಲ್ಲೂ ಹೀಗೇ ಅಂದುಕೊಂಡು ಸುಮ್ಮನಾಗಿದ್ದರು ಎಂಬುದು ಆಮೇಲೆ ತಿಳಿಯಿತು. ಮೊದಲು ಬಾಗಿಲು ತೆರೆದವರನ್ನು ಉಳಿದ ಹದಿಮೂರು ಮನೆಯವರು ನೋಡುತ್ತಾರೆ ಎಂಬ ಭಯ ಪ್ರತಿ ಮನೆಯಲ್ಲೂ ಇತ್ತು.

ಆರೂವರೆಗೆ ಡೈರಿ ಶುರುವಾಯಿತು. ಏಳೂಕಾಲಿಗೆ ಸಾಲು ಮುಗಿಯಿತು. ಮಳೆ ಇದ್ದದ್ದರಿಂದ ಹೆಚ್ಚಿನವರು ಜಗಲಿಯಲ್ಲೇ ನಿಂತಿದ್ದರು. ಹಾಲು ಒಯ್ಯುವ ವ್ಯಾನು ಬಂದಿತ್ತು. ಗುರುಸ್ವಾಮಿ ಪುಸ್ತಕ ನೋಡಿ ಬಾರದ ನಂಬರುಗಳನ್ನು ಕೂಗಿದ. ಏಳು. ಯಾರೋ, ಹಸು ಗಬ್ಬ ಎಂದರು. ಇಪ್ಪತ್ಮೂರು. ಊರಲ್ಲಿಲ್ಲ ಎಂದರು. ನಲವತ್ತೊಂದು. ಉತ್ತರ ಬರಲಿಲ್ಲ. ಬಹಿಷ್ಕಾರದ ಇಷ್ಟು ದಿನಗಳಲ್ಲಿ ಆ ನಂಬರು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಎರಡನೇ ಸಲ ಕೂಗಿದ. ಮೂರನೇ ಸಲ ಕೂಗಿದ. ಜನ ನೆಲ ನೋಡುತ್ತಿದ್ದರು. ಜಗಲಿಯ ತುದಿಯಲ್ಲಿ ರಾಚಪ್ಪ ನಿಂತಿದ್ದ.

ಮೂರು ಕೂಗಾದ ಮೇಲೆ ಮುಚ್ಚಳ ಹಾಕುವುದು ರೂಢಿ. ಗುರುಸ್ವಾಮಿ ಮುಚ್ಚಳವನ್ನು ಕೈಯಲ್ಲಿ ಹಿಡಿದು ನಿಂತ. ಆಮೇಲೆ ನಾಲ್ಕನೇ ಸಲ ಕೂಗಿದ.

“ನಲವತ್ತೊಂದು.”

ವ್ಯಾನಿನ ಡ್ರೈವರ್ ಹಾರನ್ ಹೊಡೆದ. ಹೊತ್ತಾಯಿತು, ಹಾಲು ಒಡೆಯುತ್ತದೆ ಎಂದ. ಗುರುಸ್ವಾಮಿ ಅವನ ಕಡೆ ನೋಡಲಿಲ್ಲ.

“ಕಾರಣ ಏನಂತ ಯಾರಾರಾ ಹೇಳಿ. ಹೇಳಗಂಟ ಮುಚ್ಚಳ ಹಾಕಕಿಲ್ಲ ನಾನು” ಎಂದ.

ಚಿಕ್ಕತಾಯವ್ವ ತನ್ನ ಖಾಲಿ ಕ್ಯಾನನ್ನು ಎತ್ತಿ ಹಿಡಿದಳು.

“ಐದೂವರೆಯಿಂದ ಕೂಗ್ಕತಾವ್ಳೆ ಕಣಪ್ಪ” ಎಂದು ಅದಕ್ಕೆ ಹೇಳಿದಳು. “ನಂಗೂ ಕೇಳ್ಸ್ತು. ನಿಂಗೂ ಕೇಳ್ಸ್ತು. ಇಲ್ಲಿರೋರ್ಗೆಲ್ಲ ಕೇಳ್ಸದೆ.”

ಕ್ಯಾನನ್ನು ಜಗಲಿಯ ಮೇಲಿಟ್ಟು, ಮಳೆಯಲ್ಲೇ ಇಳಿದು ಹಿಂದಿನ ಬೀದಿಯ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು ಕ್ಯಾನಿಟ್ಟಳು. ಆಮೇಲೆ ಇಬ್ಬರು ಗಂಡಸರು. ಆಮೇಲೆ ಯಾರು ಯಾರು ಎಂದು ಹೇಳಲಾಗುವುದಿಲ್ಲ, ಜಗಲಿ ಖಾಲಿಯಾಯಿತು. ಜಗಲಿಯ ಮೇಲೆ ಕ್ಯಾನುಗಳು ಸಾಲಾಗಿ ಉಳಿದವು. ನಾನೂ ಹೋದೆ.

ಮಹದೇವಮ್ಮ ಕೊಟ್ಟಿಗೆಯಲ್ಲಿ ಬಿದ್ದಿದ್ದರು. ಹಾಲು ಕರೆಯಲು ಕೂತಾಗ ಹಸು ಒದ್ದು, ಅವರು ಗೋದಲಿಯ ಕಲ್ಲಿನ ಮೇಲೆ ಬಿದ್ದಿದ್ದರು. ಬಲಗಾಲು ತೊಡೆಯ ಹತ್ತಿರ ತಿರುಗಿಕೊಂಡಿತ್ತು. ನಂಜವ್ವ ಸೊಸೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಯಾರು ಬಂದದ್ದು, ಯಾರು ಬಂದದ್ದು ಎಂದು ಕೇಳುತ್ತಿದ್ದಳು. ಯಾರೂ ಉತ್ತರ ಕೊಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಜನ ಅಲ್ಲಿದ್ದರು. ಹಗ್ಗದ ಮಂಚ ತರುವವರು ತಂದರು, ಕಂಬಳಿ ಹಾಸುವವರು ಹಾಸಿದರು, ಕಾಲಿಗೆ ಎರಡು ಕಡೆ ಬಿದಿರ ದಬ್ಬೆ ಇಟ್ಟು ಕಟ್ಟುವವರು ಕಟ್ಟಿದರು. ಎಲ್ಲವೂ ಸನ್ನೆಯಲ್ಲಿ ನಡೆಯಿತು. ಮಳೆಯ ಸದ್ದು, ಉಸಿರಿನ ಸದ್ದು, ಹಸು ಗೊರಸು ಬಡಿಯುವ ಸದ್ದು. ಮಹದೇವಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಅವರು ಮಾತಾಡಿಬಿಟ್ಟರೆ ಯಾರಾದರೂ ಉತ್ತರ ಕೊಟ್ಟುಬಿಡುತ್ತಾರೆ, ಆಗ ಉತ್ತರ ಕೊಟ್ಟವರ ಮನೆಯೂ ಹೊರಗಾಗುತ್ತದೆ. ಅದು ಅವರಿಗೂ ಗೊತ್ತಿತ್ತು.

ಮಂಚಕ್ಕೆ ಎತ್ತಿ ಹಾಕುವ ಹೊತ್ತಿಗೆ ಜಯಮ್ಮ ಜನರ ನಡುವೆ ನುಗ್ಗಿ ಬಂದಳು. ಅವಳ ಗಂಡ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದ. ಅವಳು ಬಗ್ಗಿ ಮಹದೇವಮ್ಮನವರ ಕಂಕುಳಿಗೆ ತೋಳು ಕೊಟ್ಟಳು.

“ಅಕ್ಕ, ನನ್ ಕತ್ತಿಡ್ಕೊ” ಎಂದಳು.

ಎಲ್ಲರಿಗೂ ಕೇಳಿಸುವಷ್ಟು ಸ್ಪಷ್ಟವಾಗಿ ಅಂದಳು. ಆಮೇಲೆ ತಾನು ಅಂದದ್ದು ಅವಳಿಗೆ ಗೊತ್ತಾಯಿತು. ಎತ್ತುತ್ತಿದ್ದವರ ಕೈ ಒಂದು ಗಳಿಗೆ ನಿಂತಿತು. ಮಹದೇವಮ್ಮ ಅವಳ ಕೊರಳು ಹಿಡಿದುಕೊಂಡರು. ಮಂಚ ಮೇಲೆದ್ದಿತು.

ವ್ಯಾನಿನಲ್ಲಿ ಮಂಚಕ್ಕೆ ಜಾಗವಿರಲಿಲ್ಲ. ಡ್ರೈವರ್ ಯಾರನ್ನೂ ಕೇಳದೆ, ನಮ್ಮ ಡೈರಿಯಿಂದ ಆಗಲೇ ಹೇರಿದ್ದ ನಾಲ್ಕು ತುಂಬಿದ ಕ್ಯಾನು ಇಳಿಸಿದ. ಆ ಹಾಲು ಮಧ್ಯಾಹ್ನದೊಳಗೆ ಒಡೆದುಹೋಯಿತು. ಯಾರ ಹಾಲು ಒಡೆಯಿತು ಎಂದು ಹೇಳುವಂತಿರಲಿಲ್ಲ. ಎಲ್ಲರದೂ ಅದರಲ್ಲಿ ಸೇರಿತ್ತು. ಜೊತೆಗೆ ಗುರುಸ್ವಾಮಿ ಹೋದ. ತೊಡೆಯ ಮೂಳೆ ಮುರಿದಿತ್ತು. ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಚಾಮರಾಜನಗರಕ್ಕೆ, ಅಲ್ಲಿಂದ ಮೈಸೂರಿಗೆ ಕಳಿಸಿದರು.

ವ್ಯಾನು ಹೋದ ಮೇಲೆ ಜಯಮ್ಮ ಹಸುವಿನ ಹಿಂಗಾಲು ಕಟ್ಟಿ ಹಾಲು ಕರೆದು ಡೈರಿಗೆ ತಂದಳು. ಗುಮಾಸ್ತ ಒಬ್ಬನೇ ಇದ್ದ. ಯಾವ ನಂಬರಿಗೆ ಬರೆಯಲಿ ಎಂದು ಅವನು ಕೇಳಲಿಲ್ಲ. ತಾನೇ ಲ್ಯಾಕ್ಟೋಮೀಟರ್ ಬಿಟ್ಟು, ತಾನೇ ಕೂಗಿ, ತಾನೇ ಬರೆದುಕೊಂಡ. ನಲವತ್ತೊಂದು. ಇಪ್ಪತ್ತೆಂಟು.

ಸಂಜೆ ಚಾವಡಿ ಸೇರಿತು. ಬೆಳಿಗ್ಗೆ ಆ ಮನೆಯೊಳಗೆ ಹೋದವರನ್ನೆಲ್ಲ ಕರೆಸಿದರು. ಹೆಂಗಸರು ಎಂದೂ ಕಾಲಿಡದ ಚಾವಡಿಯ ಅಂಗಳದಲ್ಲಿ ಅವತ್ತು ಹೆಂಗಸರೂ ನಿಂತಿದ್ದರು. ಬೆಂಕಿ ಕೊಟ್ಟರೋ ಎಂದು ಪುಟ್ಟಮಾದಪ್ಪ ಕೇಳಿ, ಇಲ್ಲ ಎಂಬ ಉತ್ತರ ಪಡೆದರು. ನೀರು ಕೊಟ್ಟರೋ ಎಂದು ಕೇಳಿ, ಇಲ್ಲ ಎಂಬ ಉತ್ತರ ಪಡೆದರು. ಅವೆರಡೂ ನಿಜ.

“ಮಾತಾಡಿದ್ರಾ?”

ಒಬ್ಬೊಬ್ಬರನ್ನೇ ಕೇಳಿದರು. ಒಬ್ಬೊಬ್ಬರೂ ಇಲ್ಲ ಎಂದರು. ಚಿಕ್ಕತಾಯವ್ವ, ತನ್ನ ಕ್ಯಾನಿನ ಜೊತೆ ಮಾತಾಡಿದೆ, ಅದನ್ನು ಬೇಕಾದರೆ ಹೊರಗಿಡಿ ಎಂದಳು. ಯಾರೂ ನಗಲಿಲ್ಲ. ಜಯಮ್ಮನ ಸರದಿ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ, ಎದುರಿಗಿದ್ದ ಹತ್ತು ಜನ ಇಲ್ಲ ಎಂದರು. ಅವಳ ಗಂಡ ಕಂಬಕ್ಕೆ ಒರಗಿ ನಿಂತಿದ್ದ. ಬೆಳಿಗ್ಗೆ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿತ್ತು. ಹೇಳಿದರೆ ಅವನ ಮನೆಯೇ ಹೊರಗಾಗುತ್ತಿತ್ತು. ಅವನು ಏನೂ ಹೇಳಲಿಲ್ಲ.

ಪುಟ್ಟಮಾದಪ್ಪ ನನ್ನ ಕಡೆ ತಿರುಗಿದರು.

“ಪೇಪರ್‌ನೋರು ನೀವೂ ಇದ್ರಲ್ಲ ಸ್ವಾಮಿ. ಇದ್ದದ್ದು ಇದ್ದಂಗೆ ಬರಿಯೋರು. ನೀವು ಹೇಳಿ, ಯಾರಾರ ಮಾತಾಡಿದ್ರಾ?”

“ನನಗೆ ಕೇಳಿಸಲಿಲ್ಲ” ಎಂದೆ. ಅದು ಸುಳ್ಳು.

ಅವರು ಊರುಗೋಲು ಕೈಗೆ ತೆಗೆದುಕೊಂಡರು. ಹಾಗಾದರೆ ತೀರ್ಮಾನ ಮುರಿದಿಲ್ಲ ಎಂದು ಹೇಳಿ ಎದ್ದರು. ಅವರಿಗೆ ನಿಜ ಗೊತ್ತಿತ್ತೋ ಇಲ್ಲವೋ ಎಂಬುದು ನನಗೆ ತಿಳಿಯಲಿಲ್ಲ. ಅವರು ತೀರಿಕೊಳ್ಳುವವರೆಗೂ ನಾನು ಕೇಳಲಿಲ್ಲ.

ಎಂಟು ದಿನಗಳ ನಂತರ ಶಾಲೆಯ ಕೋಣೆಯಲ್ಲಿ ಸರ್ವಸದಸ್ಯರ ಸಭೆ ನಡೆಯಿತು. ಮೈಸೂರಿನ ಆಸ್ಪತ್ರೆಯಲ್ಲಿದ್ದ ನಂಬರ್ 41 ಗೈರುಹಾಜರು. ಗುರುಸ್ವಾಮಿ ನಾಲ್ಕನೇ ವಿಷಯ ಓದಿದ. ತೆಗೆದುಹಾಕಲು ಒಪ್ಪುವವರು ಕೈ ಎತ್ತಬೇಕು ಎಂದ. ಬೆಂಚುಗಳ ಮೇಲೆ ಕಿಕ್ಕಿರಿದು ಕೂತವರು ಒಬ್ಬರನ್ನೊಬ್ಬರು ನೋಡಿಕೊಂಡರು. ರಾಚಪ್ಪನ ಕೈ ಮಡಿಲಲ್ಲೇ ಇತ್ತು. ಪುಟ್ಟಮಾದಪ್ಪನವರ ಕೈ ಊರುಗೋಲಿನ ಮೇಲಿತ್ತು. ಗುರುಸ್ವಾಮಿ ಮೂರು ಸಲ ಕೇಳಿದ. ಆಮೇಲೆ ಐದನೇ ವಿಷಯಕ್ಕೆ ಹೋದ. ಅದು ಜಗಲಿಯ ಶೀಟು ಬದಲಿಸುವ ವಿಷಯ.

ಮರುದಿನ ಬೆಳಿಗ್ಗೆ ಅವನು, “ಚಿಕ್ಕತಾಯವ್ವ, ಹನ್ನೆರಡು, ಇಪ್ಪತ್ತೇಳು. ನಲ್ಲಿ ಜೋರಾಗಿ ಬಂತಾ ಇವತ್ತು?” ಎಂದ. ಮುದುಕಿ ಅವನಿಗೆ ಬೈದ ಮಾತುಗಳು ನನ್ನ ಟಿಪ್ಪಣಿಯಲ್ಲಿವೆ, ಅಚ್ಚಿಗೆ ಬರುವಂಥವಲ್ಲ.

ಮಹದೇವಮ್ಮ ನವೆಂಬರಿನಲ್ಲಿ ಕೋಲು ಹಿಡಿದು ಊರಿಗೆ ಬಂದರು. ಅಷ್ಟು ದಿನವೂ ಅವರ ನಂಬರಿಗೆ ಎರಡು ಹೊತ್ತು ಹಾಲು ಹಾಕಿದ್ದು ಜಯಮ್ಮ. ನಂಜವ್ವನಿಗೆ ಊಟ ಎಲ್ಲಿಂದ ಬರುತ್ತಿತ್ತು ಎಂದು ಚಾವಡಿ ಕೇಳಲಿಲ್ಲ. ಸೂರ್ಯಕಾಂತಿ ಕೊಯ್ಲಾದ ಮೇಲೆ ರಾಚಪ್ಪ ಹೊಲದ ಅಂಚನ್ನು ಉಳದೆ ಬಿಟ್ಟ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಗಾಡಿಯ ಗಾಲಿ ಗುರುತು ಬಿದ್ದಿತ್ತು. ಮರುವರ್ಷ ಜಿಲ್ಲೆಯಾದಾಗ ಪತ್ರಿಕೆಯವರು ನನ್ನನ್ನು ಚಾಮರಾಜನಗರಕ್ಕೆ ಹಾಕಿದರು. ನಾವು ಮನೆ ಖಾಲಿ ಮಾಡಿದೆವು.

ಕಳೆದ ತಿಂಗಳು ನಾನು ಹೋದಾಗ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇರಲಿಲ್ಲ. ಯಂತ್ರದ ಕೆಂಪು ಅಕ್ಷರಗಳಲ್ಲಿ ನಂಬರು ಬರುತ್ತದೆ, ಚೀಟಿ ಹೊರಬೀಳುತ್ತದೆ. ಗುರುಸ್ವಾಮಿ ನಿವೃತ್ತನಾಗಿದ್ದಾನೆ. ಈಗಿನ ಸೆಕ್ರೆಟರಿ ಒಬ್ಬ ಹೆಣ್ಣುಮಗಳು. ಮುಚ್ಚಳ ಹಾಕುವ ಮೊದಲು ಆಕೆ ಬಾರದ ನಂಬರುಗಳನ್ನು ಮೂರು ಸಲ ಕೂಗಿದಳು. ಎರಡು ನಂಬರು ಬಂದಿರಲಿಲ್ಲ. ಎರಡಕ್ಕೂ ಜಗಲಿಯಿಂದ ಉತ್ತರ ಬಂತು.

ನಂಬರ್ 41 ಅಂದು ಬೆಳಿಗ್ಗೆ ಏಳು ಗಂಟೆಗೆ ಮೂರೂವರೆ ಲೀಟರ್ ಹಾಲು ಹಾಕಿತ್ತು. 1996ರ ಜೂನ್ ತಿಂಗಳ ತೀರ್ಮಾನವನ್ನು ಚಾವಡಿ ಇದುವರೆಗೆ ಹಿಂದಕ್ಕೆ ತೆಗೆದುಕೊಂಡಿಲ್ಲ.